ಜೋರು ಮಳೆ, ಜೋರು ಜ್ವರ: ಮೇಲ್ಮಟ್ಟದ ಇಂಗ್ಲಿಷ್ ಪದಗಳನ್ನು ಕಲಿಯಲು ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ಮಳೆಯೂ ಜೋರು, ಗಾಳಿಯೂ ಜೋರು, ಜ್ವರವೂ ಜೋರು, ದನಿಯೂ ಜೋರು. ಒಂದೇ ಪದ ನಾಲ್ಕು ಕಡೆ ದುಡಿಯುತ್ತದೆ. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’, ದನಿ ‘ಲೌಡ್’. ನನ್ನ ಸಂಜೆ ತರಗತಿಗೆ ಬರುವವರಿಗೆ ಈ ನಾಲ್ಕೂ ಪದ ಗೊತ್ತು. ಆದರೂ ಜೂನ್ ತಿಂಗಳಲ್ಲಿ ರಜೆ ಪತ್ರ ಬರೆಯುವಾಗ ‘ಸ್ಟ್ರಾಂಗ್ ರೈನ್’ ಎಂದು ಬರೆದುಬಿಡುತ್ತಾರೆ. ಅವರಿಗೆ ಪದದ ಅರ್ಥ ಗೊತ್ತಿದೆ, ಅದರ ಜೊತೆಗಾರರು ಗೊತ್ತಿಲ್ಲ.

ನಾನು ಓದಿದ್ದು ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಕನ್ನಡ ಶಾಲೆಯಲ್ಲಿ. ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಪಿಯುಸಿ ಮುಗಿದ ಮೇಲೆ ಒಂದು ದಪ್ಪ ಪದಗಳ ಪುಸ್ತಕ ಹಿಡಿದು ದಿನಕ್ಕೆ 40 ಪದ ಬಾಯಿಪಾಠ ಮಾಡಿದೆ. ಎರಡು ತಿಂಗಳಾದ ಮೇಲೆ ಮೊದಲ ಪುಟ ತೆರೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮರೆತುಹೋಗಿತ್ತು. ನೆನಪಿದ್ದ ಪದಗಳೂ ವಾಕ್ಯದೊಳಗೆ ಬರುತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಬೇರೆ ದಾರಿ ಹಿಡಿದೆ. ಆ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಪತ್ರಿಕೆಯನ್ನು ಕಷ್ಟಪಟ್ಟಾದರೂ ಓದಬಲ್ಲ, ಅಲ್ಲಿಂದ ಮೇಲೆ ಹತ್ತಬೇಕು ಅನ್ನುವವರಿಗೆ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷ್ ಪದಗಳನ್ನು ನಾನಿಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ, ಸ್ಪೆಲಿಂಗ್ ಸರಿ ನೋಡಿಕೊಂಡು ಬರೆದುಕೊಳ್ಳಿ.

ಹಂತ 1: ಈಗ ಎಲ್ಲಿದ್ದೀರಿ ಎಂದು ಅಳೆಯಿರಿ

ಓದಬೇಕೆಂದಿರುವ ಪುಸ್ತಕ ಅಥವಾ ಪತ್ರಿಕೆಯಿಂದ ಸರಿಯಾಗಿ 100 ಪದಗಳ ಒಂದು ತುಣುಕು ತೆಗೆದುಕೊಳ್ಳಿ. ಗೊತ್ತಿಲ್ಲದ ಪದಗಳಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆ ಎರಡೇ ಇದ್ದರೆ ಆ ಬರಹವನ್ನು ನಿಘಂಟಿಲ್ಲದೆ ಹಾಯಾಗಿ ಓದಬಹುದು. ಐದರವರೆಗೆ ಇದ್ದರೆ ಕಲಿಯಲು ಒಳ್ಳೆಯ ಜಾಗ. ಹತ್ತು ದಾಟಿದರೆ ಸದ್ಯಕ್ಕೆ ಪಕ್ಕಕ್ಕಿಡಿ, ಇನ್ನೂ ಸುಲಭದ್ದು ಹುಡುಕಿ. ಇದರಲ್ಲಿ ನಾಚಿಕೆ ಪಡುವುದೇನೂ ಇಲ್ಲ.

ಪದ ಕಲಿಕೆಯ ಬಗ್ಗೆ ಜೀವನವಿಡೀ ಕೆಲಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಷನ್ ಎಂಬ ಭಾಷಾ ತಜ್ಞರು 2006ರಲ್ಲಿ ಒಂದು ಲೆಕ್ಕ ಕೊಟ್ಟರು. ಕಾದಂಬರಿ, ಪತ್ರಿಕೆಗಳನ್ನು 100ಕ್ಕೆ 98 ಪದ ತಿಳಿದು ಓದಲು ಸುಮಾರು 8000ದಿಂದ 9000 ಪದ ಕುಟುಂಬಗಳು ಬೇಕು. ಕೇಳಿದರೆ ಗಾಬರಿಯಾಗುತ್ತದೆ. ಆದರೆ ‘ಪದ ಕುಟುಂಬ’ ಅನ್ನುವ ಮಾತನ್ನು ಗಮನಿಸಿ. ಅದಕ್ಕೆ ಮೂರನೇ ಹಂತದಲ್ಲಿ ಬರುತ್ತೇನೆ.

ಹಂತ 2: ಯಾವ ಪದ ಹಿಡಿಯಬೇಕು, ಯಾವುದನ್ನು ಬಿಡಬೇಕು

ಕಷ್ಟದ ಪದವೆಲ್ಲ ಮೇಲ್ಮಟ್ಟದ ಪದ ಅಲ್ಲ. ಹತ್ತು ವರ್ಷಕ್ಕೊಮ್ಮೆ ಕಣ್ಣಿಗೆ ಬೀಳುವ ಅಪರೂಪದ ಪದಕ್ಕೆ ನಿಮ್ಮ ಸಂಜೆ ಕೊಡಬೇಡಿ. ಮತ್ತೆ ಮತ್ತೆ ಎದುರಾಗುವ, ಆದರೆ ಇನ್ನೂ ಕೈಗೆ ಸಿಗದ ಪದಗಳೇ ಬೇಕಾದವು.

ಆಕ್ಸ್‌ಫರ್ಡ್‌ನವರು ಹೆಚ್ಚು ಬಳಕೆಯ 3000 ಪದಗಳ ಪಟ್ಟಿಯನ್ನೂ, ಅದರ ಮೇಲೆ ಇನ್ನೂ 2000 ಪದ ಸೇರಿಸಿದ ಮುಂದಿನ ಹಂತದ ಪಟ್ಟಿಯನ್ನೂ ಮಾಡಿದ್ದಾರೆ. ಪ್ರತಿ ಪದಕ್ಕೂ ಮಟ್ಟದ ಗುರುತು ಇದೆ. ಸಿ1 ಎಂದಿದ್ದರೆ ಮೇಲ್ಮಟ್ಟ. ಕಾಲೇಜು ಓದು ನಿಮ್ಮ ಗುರಿಯಾದರೆ ಏವ್ರಿಲ್ ಕಾಕ್ಸ್‌ಹೆಡ್ ಎಂಬವರು 2000ದಲ್ಲಿ ಹೊರತಂದ 570 ಪದ ಕುಟುಂಬಗಳ ಪಟ್ಟಿ ತುಂಬಾ ಉಪಯೋಗಕ್ಕೆ ಬರುತ್ತದೆ. ವಿಜ್ಞಾನ, ಕಾನೂನು, ವಾಣಿಜ್ಯ ಯಾವ ವಿಷಯದ ಪುಸ್ತಕ ತೆರೆದರೂ ಬರುವ ಪದಗಳು ಅದರಲ್ಲಿವೆ. ಆದರೆ ಈ ಪಟ್ಟಿಗಳನ್ನು ಬಾಯಿಪಾಠ ಮಾಡಬೇಡಿ. ಓದುವಾಗ ಸಿಕ್ಕ ಪದ ಅಲ್ಲಿದೆಯೇ ಎಂದು ಪರೀಕ್ಷಿಸಲು ಮಾತ್ರ ಬಳಸಿ. ಪಟ್ಟಿಯಲ್ಲಿದ್ದರೆ ಹಿಡಿದುಕೊಳ್ಳಿ. ಇಲ್ಲದಿದ್ದರೆ ಮೂರು ಸಲ ಎದುರಾಗುವ ತನಕ ಕಾಯಿರಿ.

ಓದಲು ಏನು ಸಿಗುತ್ತದೆ ಎಂದು ಕೇಳುತ್ತೀರಾ? ನಮ್ಮ ಸುತ್ತಲೇ ಬೇಕಾದಷ್ಟಿದೆ. ಚೆಟ್ಟಳ್ಳಿಯಲ್ಲಿ ಸಂಶೋಧನಾ ಉಪಕೇಂದ್ರ ನಡೆಸುತ್ತಿರುವ ಕಾಫಿ ಮಂಡಳಿ, ಬೆಳೆಗಾರರಿಗಾಗಿ ಇಂಗ್ಲಿಷಿನಲ್ಲಿ ಸಲಹೆಗಳನ್ನು ಹೊರಡಿಸುತ್ತದೆ. ಅಂಥ ಒಂದು ಪುಟದಲ್ಲೇ ‘ಸಸೆಪ್ಟಿಬಲ್’, ‘ರೆಸಿಸ್ಟೆಂಟ್’, ‘ಇನ್‌ಫೆಸ್ಟೇಷನ್’ (ಕೀಟಬಾಧೆ), ‘ಯೀಲ್ಡ್’ (ಇಳುವರಿ) ನಿಮಗೆ ಸಿಗಬಹುದು. ಅರೇಬಿಕಾ ಗಿಡಕ್ಕೆ ಕಾಂಡಕೊರಕ ಬೇಗ ತಗಲುತ್ತದೆ, ರೊಬಸ್ಟಾ ತಡೆದುಕೊಳ್ಳುತ್ತದೆ ಎಂಬುದು ತೋಟದವರಿಗೆಲ್ಲ ಗೊತ್ತಿರುವ ವಿಷಯ. ವಿಷಯ ಮೊದಲೇ ಗೊತ್ತಿದ್ದರೆ ಹೊಸ ಪದ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬೇಗ ತಗಲುವ ಗಿಡ ‘ಸಸೆಪ್ಟಿಬಲ್ ಟು’, ತಡೆಯುವ ಗಿಡ ‘ರೆಸಿಸ್ಟೆಂಟ್ ಟು’. ಆ ‘ಟು’ವನ್ನೂ ಸೇರಿಸಿಯೇ ಬರೆದುಕೊಳ್ಳಿ.

ಹಂತ 3: ಪದಕ್ಕೂ ಒಂದು ಒಕ್ಕ ಇದೆ

ಕೊಡಗಿನಲ್ಲಿ ಹೆಸರಿಗಿಂತ ಮೊದಲು ಮನೆ ಹೆಸರು ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಕೊಡಂದೇರ ಒಕ್ಕದವರು, ಅಂದರೆ ಒಂದೇ ಮನೆತನದವರು. ಕೊಡಂದೇರ ಎಂದು ಕೇಳಿದ ಕೂಡಲೇ ಯಾವ ಐನ್‌ಮನೆಯವರು (ಮನೆತನದ ಮೂಲಮನೆಯವರು) ಎಂದು ಇಲ್ಲಿನವರಿಗೆ ತಿಳಿಯುತ್ತದೆ. ಪದ ಕುಟುಂಬ ಅಂದರೂ ಹೀಗೇ. ಒಂದು ಬೇರು ಗುರುತಿಸಿದರೆ ಅದರ ಮಕ್ಕಳು, ಮೊಮ್ಮಕ್ಕಳು ಎಲ್ಲ ಪರಿಚಯವಾಗುತ್ತಾರೆ.

ಇದು ನಮಗೆ ಶಾಲೆಯಲ್ಲೇ ಗೊತ್ತಾದ ವಿದ್ಯೆ. ‘ಹಾರ’ದ ಹಿಂದೆ ಒಂದೊಂದು ಉಪಸರ್ಗ ಸೇರಿದಾಗ ಪ್ರಹಾರ, ಆಹಾರ, ವಿಹಾರ, ಸಂಹಾರ, ಪರಿಹಾರ ಆಗುತ್ತದೆ ಎಂದು ವ್ಯಾಕರಣ ಪಾಠದಲ್ಲಿ ಓದಿದ್ದೀರಿ, ಅಲ್ವಾ? ಇಂಗ್ಲಿಷಿಗೆ ಲ್ಯಾಟಿನ್‌ನಿಂದ ಬಂದ ಪದಗಳೂ ಇದೇ ರೀತಿ ಕಟ್ಟಿಕೊಂಡಿವೆ. ‘ಸ್ಪೆಕ್ಟ್’ ಅಂದರೆ ನೋಡು. ಒಳಗೆ ಹೊಕ್ಕು ನೋಡುವವನು ಇನ್‌ಸ್ಪೆಕ್ಟರ್. ನೋಡಲು ಬಂದವನು ಸ್ಪೆಕ್ಟೇಟರ್. ಹಿಂದಕ್ಕೆ ತಿರುಗಿ ನೋಡಿದರೆ ರೆಟ್ರೋಸ್ಪೆಕ್ಟ್. ತನ್ನೊಳಗೇ ನೋಡಿಕೊಂಡರೆ ಇಂಟ್ರೋಸ್ಪೆಕ್ಷನ್. ಸುತ್ತಮುತ್ತ ನೋಡಿ ಹೆಜ್ಜೆ ಇಡುವವನು ಸರ್ಕಮ್‌ಸ್ಪೆಕ್ಟ್, ಅಂದರೆ ಎಚ್ಚರದ ಮನುಷ್ಯ. ಆನೆ ಓಡಾಡುವ ತೋಟದಲ್ಲಿ ಬೆಳಗಿನ ಹೊತ್ತು ನಡೆಯುವವರೆಲ್ಲ ಸರ್ಕಮ್‌ಸ್ಪೆಕ್ಟ್ ಆಗಿರಲೇಬೇಕು.

ವಾರಕ್ಕೆ ಒಂದು ಬೇರು ಸಾಕು. ‘ಪೋರ್ಟ್’ (ಹೊರು), ‘ಡಿಕ್ಟ್’ (ಹೇಳು), ‘ಸ್ಕ್ರೈಬ್’ (ಬರೆ), ‘ಬೆನೆ’ (ಒಳ್ಳೆಯದು), ‘ಮ್ಯಾಲ್’ (ಕೆಟ್ಟದ್ದು) ಇವುಗಳಿಂದ ಶುರು ಮಾಡಿ.

ಒಂದು ಎಚ್ಚರಿಕೆ. ಒಂದೇ ಥರ ಕಂಡವರೆಲ್ಲ ಒಂದೇ ಒಕ್ಕದವರಲ್ಲ. ಪೆಡಲ್, ಪೆಡೆಸ್ಟ್ರಿಯನ್ ಇವುಗಳಲ್ಲಿರುವುದು ಲ್ಯಾಟಿನ್‌ನ ಕಾಲು. ಪೆಡಗಾಜಿ, ಪೀಡಿಯಾಟ್ರಿಷಿಯನ್ ಇವುಗಳಲ್ಲಿರುವುದು ಗ್ರೀಕಿನ ಮಗು. ಮಡಿಕೇರಿ ದಾರಿಯಲ್ಲಿ ಹೋಗುವ ಪೆಟ್ರೋಲ್ ಟ್ಯಾಂಕರ್ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದಿರುತ್ತದೆ. ‘ಇನ್’ ಇದೆಯಲ್ಲ, ಹಾಗಾದರೆ ಬೆಂಕಿ ಹತ್ತುವುದಿಲ್ಲ ಎಂದು ಯಾರಾದರೂ ತಿಳಿದರೆ ಅಪಾಯ. ಅಲ್ಲಿ ‘ಇನ್’ ಅಂದರೆ ‘ಇಲ್ಲ’ ಎಂದಲ್ಲ. ಬೇಗ ಬೆಂಕಿ ಹತ್ತುವ ವಸ್ತು ಎಂದೇ ಅರ್ಥ. ಬೇರು ನೋಡಿ ಊಹಿಸಿ, ನಿಘಂಟು ನೋಡಿ ಖಚಿತ ಮಾಡಿಕೊಳ್ಳಿ.

ಹಂತ 4: ಜೊತೆಗಾರರನ್ನು ಕಲಿಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ.

ಮೊದಲು ನೀವು ದಿನವೂ ಮಾಡುವ ಕೆಲಸ ಹಿಡಿಯಿರಿ. ರೆಂಬೆ ಕತ್ತರಿಸುವುದಕ್ಕೆ ತೋಟದಲ್ಲಿ ನಾವು ‘ಕಪಾತು’ ಅನ್ನುತ್ತೇವೆ. ಕಾಫಿ ಗಿಡಕ್ಕೂ ಕಪಾತು, ನೆರಳಿನ ಮರಕ್ಕೂ ಕಪಾತು. ಇಂಗ್ಲಿಷಿನಲ್ಲಿ ಗಿಡವನ್ನು ‘ಪ್ರೂನ್’ ಮಾಡುತ್ತಾರೆ, ಮರದ ಕೊಂಬೆಯನ್ನು ‘ಲಾಪ್’ ಮಾಡುತ್ತಾರೆ, ಬೇಲಿಯನ್ನು ‘ಟ್ರಿಮ್’ ಮಾಡುತ್ತಾರೆ, ಮರವನ್ನೇ ಉರುಳಿಸಿದರೆ ‘ಫೆಲ್’. ಈ ನಾಲ್ಕನ್ನು ತೋಟದಲ್ಲಿ ನಿಂತು, ಆಯಾ ಗಿಡಮರ ನೋಡುತ್ತಾ ಬಾಯಲ್ಲಿ ಹೇಳಿಕೊಳ್ಳಿ. ನಂತರ ಪತ್ರಿಕೆಯಲ್ಲಿ ‘ಪ್ರೂನ್ ದಿ ಬಜೆಟ್’ ಎಂದು ಕಂಡಾಗ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. ಬೇಡದ ರೆಂಬೆಗಳನ್ನು ತೆಗೆದಂತೆ ಬೇಡದ ಖರ್ಚು ತೆಗೆಯುವುದು ಎಂದು ಕಣ್ಣಿಗೇ ಕಾಣುತ್ತದೆ.

ರುಚಿಯೂ ಹೀಗೇ. ಎಳೆಯ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಆ ಒಗರು ‘ಆಸ್ಟ್ರಿಂಜೆಂಟ್’. ಕಾಫಿಯ ರುಚಿ ನೋಡಿ ಅಂಕ ಕೊಡುವವರು ಈ ಪದವನ್ನು ಬಳಸುತ್ತಾರೆ. ಕರಿಮೆಣಸಿನ ಘಾಟು ‘ಪಂಜೆಂಟ್’. ಹದವಾಗಿ, ಮೆತ್ತಗೆ ಇಳಿಯುವ ರುಚಿ ‘ಮೆಲ್ಲೋ’. ಇವು ಮೂರೂ ಮನುಷ್ಯರ ಮಾತಿಗೂ ಒಪ್ಪುತ್ತವೆ. ಚುರುಕು ಮುಟ್ಟಿಸುವ ಟೀಕೆ ‘ಪಂಜೆಂಟ್’ ಆಗಬಹುದು, ವಯಸ್ಸಾದಂತೆ ಮೆತ್ತಗಾದ ಸಿಡುಕು ಮಾವ ‘ಮೆಲ್ಲೋ’ ಆಗಬಹುದು. ಇಂಗ್ಲಿಷಿನಿಂದ ಕನ್ನಡಕ್ಕೆ ಅರ್ಥ ಹುಡುಕುವುದಕ್ಕಿಂತ ಕನ್ನಡದಲ್ಲಿ ನಾಲಿಗೆಗೆ ಗೊತ್ತಿರುವುದಕ್ಕೆ ಇಂಗ್ಲಿಷ್ ಹೆಸರು ಹುಡುಕಿದರೆ ಪದ ಬೇಗ ನಿಲ್ಲುತ್ತದೆ. ಇದು ನನ್ನ ಅನುಭವ.

ಮಳೆಗೆ ಬರೋಣ. ತುಂತುರು, ಸೋನೆ, ಜಡಿಮಳೆ, ಬಿರುಮಳೆ ಎಂದು ನಮ್ಮಲ್ಲಿ ಎಷ್ಟೊಂದು ಹೆಸರು. ತುಂತುರಿಗೆ ‘ಡ್ರಿಜಲ್’. ಸುರಿದು ಕೊಚ್ಚುವ ಮಳೆಗೆ ‘ಟೊರೆನ್ಶಿಯಲ್’. ಎಡೆಬಿಡದೆ ಹಿಡಿದ ಮಳೆಗೆ ‘ಇನ್ಸೆಸೆಂಟ್’. ಬಿಟ್ಟು ಬಿಟ್ಟು ಬರುವುದಕ್ಕೆ ‘ಇಂಟರ್‌ಮಿಟೆಂಟ್’. ಅಲ್ಲೊಂದು ಇಲ್ಲೊಂದು ಬಿದ್ದರೆ ‘ಸ್ಪೊರಾಡಿಕ್’. ಮಾರ್ಚ್, ಏಪ್ರಿಲಿನಲ್ಲಿ ಕಾಫಿ ಹೂವಿಗೆ ಬೇಕಾದ ಮಳೆಗೆ ‘ಬ್ಲಾಸಮ್ ಶವರ್’ ಎಂಬ ಇಂಗ್ಲಿಷ್ ಹೆಸರು ತೋಟಗಳಲ್ಲಿ ಎಷ್ಟೋ ವರ್ಷದಿಂದ ಓಡಾಡುತ್ತಿದೆ. ಒಂದು ಮಳೆಗಾಲ ಪೂರ್ತಿ ಪ್ರತಿದಿನ ಒಂದೇ ಒಂದು ವಾಕ್ಯ ಬರೆಯಿರಿ: ಇವತ್ತಿನ ಮಳೆ ಹೇಗಿತ್ತು? ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಈ ಪದಗಳು ಯೋಚಿಸದೆ ಪೆನ್ನಿಗೆ ಬರುತ್ತವೆ.

ಕೆಲವು ಪದಗಳ ಜೊತೆಗಾರರನ್ನು ನಾವು ಕಷ್ಟದ ದಿನಗಳಲ್ಲಿ ಕಲಿತೆವು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಕೊಡಗಿನ ಸುದ್ದಿ ಇಂಗ್ಲಿಷ್ ಪತ್ರಿಕೆಗಳಲ್ಲಿ ದಿನವೂ ಬಂತು. ಆ ವರದಿಗಳಲ್ಲಿ ಮೂರು ಪದಗಳನ್ನು ನಾನು ಬೇರೆ ಬೇರೆಯಾಗಿ ಗುರುತು ಹಾಕಿಕೊಂಡೆ. ಅಪಾಯದ ಜಾಗದಿಂದ ಜನರನ್ನು ಹೊರಗೆ ಕರೆತರುವುದು ‘ಇವ್ಯಾಕ್ಯುಯೇಟ್’. ಮನೆ, ತೋಟ ಕಳೆದುಕೊಂಡು ಇದ್ದ ಜಾಗ ತಪ್ಪಿದವರು ‘ಡಿಸ್‌ಪ್ಲೇಸ್ಡ್’. ಅವರಿಗೆ ಮತ್ತೆ ನೆಲೆ ಮಾಡಿಕೊಡುವುದು ‘ರಿಹ್ಯಾಬಿಲಿಟೇಟ್’. ಕನ್ನಡದಲ್ಲಿ ಇವಕ್ಕೆ ಸ್ಥಳಾಂತರ, ಸಂತ್ರಸ್ತ, ಪುನರ್ವಸತಿ ಎಂದು ಬರುತ್ತಿತ್ತು. ಮೂರು ಪದಗಳ ನಡುವೆ ಕೆಲವು ಕುಟುಂಬಗಳಿಗೆ ವರ್ಷಗಳೇ ಕಳೆದವು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಅವರ ಕಥೆಯೇ ತಪ್ಪಾಗುತ್ತದೆ. ಸರಿಯಾದ ಪದ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಜೊತೆಗಾರರನ್ನು ಹುಡುಕಲು ಕಲಿಯುವವರಿಗೆಂದೇ ಮಾಡಿದ ನಿಘಂಟು ಬೇಕು. ಲಾಂಗ್‌ಮನ್ ನಿಘಂಟು ಅರ್ಥ ವಿವರಿಸಲು ಸುಮಾರು 2000 ಸರಳ ಪದಗಳನ್ನಷ್ಟೇ ಬಳಸುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಇಂಥ ನಿಘಂಟುಗಳು ಮೊಬೈಲಿನಲ್ಲೂ ಸಿಗುತ್ತವೆ. ಅರ್ಥ ಓದುವ ಮೊದಲು ಉದಾಹರಣೆ ವಾಕ್ಯಗಳನ್ನು ಓದಿ. ಪದದ ಹಿಂದೆ ಮುಂದೆ ಏನಿದೆ, ಯಾವ ಪ್ರಿಪೊಸಿಷನ್ ಬಂತು ಎಂದು ನೋಡಿ. ಇಂಗ್ಲಿಷ್–ಕನ್ನಡ ನಿಘಂಟನ್ನು ಕೊನೆಯಲ್ಲಿ, ತಿಳಿದದ್ದು ಸರಿಯೇ ಎಂದು ನೋಡಲು ತೆರೆಯಿರಿ.

ಹಂತ 5: ಪದದ ಬಣ್ಣ

ಹತ್ತಿರದ ಊರಿನ ಒಂದು ಹೋಮ್‌ಸ್ಟೇಗೆ ನಾನು ಇಂಗ್ಲಿಷ್ ಬೋರ್ಡ್ ಬರೆದುಕೊಟ್ಟಿದ್ದೆ. ನಮ್ಮ ಊರು ಜೇನಿಗೆ ಹೆಸರುವಾಸಿ ಎಂದು ಹೇಳಲು ‘ಫೇಮಸ್’ ತುಂಬಾ ಸಾಮಾನ್ಯ ಅನಿಸಿ ‘ನೊಟೋರಿಯಸ್’ ಎಂದು ಹಾಕಿದೆ. ಪದಗಳ ಪುಸ್ತಕದಲ್ಲಿ ಅದರ ಮುಂದೆ ‘ಪ್ರಸಿದ್ಧ’ ಎಂದಷ್ಟೇ ಇತ್ತು. ಒಂದು ವಾರದ ನಂತರ ಬಂದ ಅತಿಥಿಯೊಬ್ಬರು ಮನೆಯವರನ್ನು ಪಕ್ಕಕ್ಕೆ ಕರೆದು, ಇದು ಕೆಟ್ಟದ್ದಕ್ಕೆ ಹೆಸರಾದವರಿಗೆ ಹೇಳುವ ಪದ, ಜೇನಿನಲ್ಲಿ ಬೆಲ್ಲದ ಪಾಕ ಬೆರೆಸುತ್ತಾರೆ ಎಂದು ಜನ ತಿಳಿದಾರು ಎಂದು ವಿವರಿಸಿದರು. ಆ ಮನೆಯವರು ನಿಜವಾಗಿ ಶುದ್ಧ ಜೇನು ಮಾರುವವರು. ಅವರಿಗೆ ನನ್ನಿಂದ ನೋವಾಯಿತು. ಅಂದಿನಿಂದ ನಾನು ಯಾವ ಪದವನ್ನೂ ಅದರ ಬಣ್ಣ ನೋಡದೆ ಬಳಸಿಲ್ಲ.

ಹೊಸ ಪದ ಸಿಕ್ಕಾಗ ಅದರ ನೆಂಟರನ್ನು ಒಂದೇ ಗೆರೆಯ ಮೇಲೆ ಜೋಡಿಸಿ. ಹೊಗಳಿಕೆ ಒಂದು ಕಡೆ, ತೆಗಳಿಕೆ ಇನ್ನೊಂದು ಕಡೆ. ‘ರಿನೌನ್ಡ್’, ‘ಫೇಮಸ್’, ‘ನೊಟೋರಿಯಸ್’. ಖರ್ಚು ನೋಡಿ ಮಾಡುವವರು ‘ಥ್ರಿಫ್ಟಿ’, ಕೈ ಬಿಚ್ಚದವರು ‘ಸ್ಟಿಂಜಿ’. ಕನ್ನಡದಲ್ಲಿ ಮಿತವ್ಯಯಿ, ಜಿಪುಣ ಎಂದು ನಾವು ಬೇರೆ ಮಾಡುವಂತೆಯೇ. ಬಿಡದೆ ಪ್ರಯತ್ನಿಸುವವನು ‘ಪರ್ಸಿಸ್ಟೆಂಟ್’, ಯಾರ ಮಾತೂ ಕೇಳದವನು ‘ಸ್ಟಬರ್ನ್’. ಕೆಲಸದ ಸಂದರ್ಶನದಲ್ಲಿ ಈ ಎರಡು ಅದಲು ಬದಲಾಗಬಾರದು.

ದೊಡ್ಡ ಪದ ಸಿಕ್ಕಿತೆಂದು ಎಲ್ಲ ಕಡೆ ಹಾಕುವುದೂ ಬೇಡ. ‘ಸ್ಟಾರ್ಟ್’ ಸಾಕಾಗುವ ಕಡೆ ‘ಕಮೆನ್ಸ್’ ಬೇಕಿಲ್ಲ. ತೋಟದ ಸಾಲಿನಲ್ಲಿ ಮಲಯಾಳಿ ಮೇಸ್ತ್ರಿಯ ಜೊತೆ ಒಂದು ಮಾತು, ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಮಕ್ಕಳಿಗೆ ಯಾರ ಮುಂದೆ ಯಾವ ಮಾತು ಎಂಬುದು ತಾನಾಗಿ ಗೊತ್ತು. ಆ ವಿವೇಕವನ್ನು ಇಂಗ್ಲಿಷಿಗೂ ತನ್ನಿ.

ಹಂತ 6: ಮರೆಯುವ ಮೊದಲು ಮತ್ತೆ ನೋಡಿ

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಹೇಗೆ ಮರೆತುಹೋಗುತ್ತದೆ ಎಂದು 1885ರಲ್ಲಿ ಪ್ರಕಟಿಸಿದ. ಮೊದಲ ದಿನದೊಳಗೇ ಬಹಳಷ್ಟು ಹೋಗಿಬಿಡುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದಕ್ಕೆ ಕಾರ್ಡ್‌ಗಳ ಉಪಾಯ ಕೊಟ್ಟ. ಮೊಬೈಲಿನ ಆಂಕಿ ಆ್ಯಪ್ ಕೂಡ ಇದೇ ತತ್ವದ್ದು, ಉಚಿತವಾಗಿ ಆಂಡ್ರಾಯ್ಡ್‌ನಲ್ಲಿ ಸಿಗುತ್ತದೆ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಎರಡು ಮೂರು ದಿನ ಕರೆಂಟೇ ಇರುವುದಿಲ್ಲ. ನನಗೆ ಕಾಗದವೇ ಹಿತ.

ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಕಾರ್ಡ್ ಮಾಡಿ. ಮುಂದುಗಡೆ ಪದ ಬರೆಯಬೇಡಿ, ಪದದ ಜಾಗ ಖಾಲಿ ಬಿಟ್ಟ ಒಂದು ವಾಕ್ಯ ಬರೆಯಿರಿ. ಖಾಲಿ ಜಾಗದಲ್ಲಿ ಮೊದಲ ಅಕ್ಷರ ಮಾತ್ರ ಇರಲಿ. ಉದಾಹರಣೆಗೆ ನೆರಳಿನ ಮರಗಳು ಬಿಸಿಲಿನ ಹೊಡೆತವನ್ನು ಕಡಿಮೆ ಮಾಡುತ್ತವೆ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು, ‘ಕಡಿಮೆ ಮಾಡು’ ಬರುವ ಕಡೆ ‘ಎಂ’ ಎಂದು ಹಾಕಿ ಗೆರೆ ಎಳೆಯಿರಿ. ಹಿಂದುಗಡೆ ‘ಮಿಟಿಗೇಟ್’, ಅದರ ಜೊತೆಗಾರರಾದ ‘ರಿಸ್ಕ್’, ‘ಇಂಪ್ಯಾಕ್ಟ್’, ‘ಎಫೆಕ್ಟ್ಸ್’, ಕನ್ನಡದಲ್ಲಿ ‘ತೀವ್ರತೆ ತಗ್ಗಿಸು’ ಎಂದು ಬರೆಯಿರಿ. ವಾಕ್ಯ ನಿಮ್ಮ ಮನೆ, ತೋಟ, ರಸ್ತೆಯದ್ದೇ ಆಗಿರಲಿ.

ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು ಮಾಡಿ. ಮೊದಲ ಕಟ್ಟು ದಿನವೂ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೆ, ನಾಲ್ಕನೆಯದು ಎರಡು ವಾರಕ್ಕೆ, ಐದನೆಯದು ತಿಂಗಳಿಗೆ. ಸರಿ ಹೇಳಿದ ಕಾರ್ಡ್ ಮುಂದಿನ ಕಟ್ಟಿಗೆ ಹೋಗುತ್ತದೆ. ತಪ್ಪಿದರೆ ಯಾವ ಕಟ್ಟಿನಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. ದಿನಕ್ಕೆ ಹೊಸ ಪದ ಐದೇ ಐದು. ಜಾಸ್ತಿ ಸೇರಿಸಿದರೆ ಮರುನೋಟದ ಹೊರೆ ಏರಿ, ಹದಿನೈದು ದಿನದಲ್ಲಿ ಎಲ್ಲವನ್ನೂ ಬಿಟ್ಟುಬಿಡುತ್ತೀರಿ. ಕಟ್ಟುಗಳನ್ನು ಬಿಗಿ ಮುಚ್ಚಳದ ಬಿಸ್ಕತ್ ಡಬ್ಬದಲ್ಲಿಡಿ. ಇಲ್ಲದಿದ್ದರೆ ಜುಲೈ ಹೊತ್ತಿಗೆ ಕಾರ್ಡ್‌ಗೆಲ್ಲ ಬೂಷ್ಟು ಬರುತ್ತದೆ.

ಹಂತ 7: ಕಿವಿಯಲ್ಲಿ ಕೇಳಿ

ಕನ್ನಡ ಬರೆದಂತೆ ಓದುವ ಭಾಷೆ. ಇಂಗ್ಲಿಷ್ ಹಾಗಲ್ಲ. ಅವಶೇಷಕ್ಕೆ ‘ಡೆಬ್ರಿ’, ಕೊನೆಯ ಅಕ್ಷರ ಸದ್ದು ಮಾಡುವುದಿಲ್ಲ. ಸೂಕ್ಷ್ಮಕ್ಕೆ ‘ಸಟಲ್’, ನಡುವಿನ ‘ಬಿ’ ಇಲ್ಲ. ಒತ್ತು ಬೀಳುವ ಜಾಗವೂ ಬದಲಾಗುತ್ತದೆ. ‘ಇಕಾನಮಿ’ಯಲ್ಲಿ ‘ಕಾ’ ಮೇಲೆ, ‘ಇಕನಾಮಿಕ್’ನಲ್ಲಿ ‘ನಾ’ ಮೇಲೆ. ನಿಘಂಟಿನ ಸ್ಪೀಕರ್ ಗುರುತು ಒತ್ತಿ ಮೂರು ಸಲ ಕೇಳಿ, ಮೂರು ಸಲ ಹೇಳಿ, ಕಾರ್ಡ್‌ನಲ್ಲಿ ಒತ್ತಿನ ಅಕ್ಷರಕ್ಕೆ ಅಡಿಗೆರೆ ಹಾಕಿ. ಅಷ್ಟು ಸಾಕು.

ಹಂತ 8: ಬಾಯಿಗೆ ಬರುವ ತನಕ ಬಳಸಿ

ಗುರುತು ಸಿಗುವ ಪದ ಬೇರೆ, ಬಾಯಿಗೆ ಬರುವ ಪದ ಬೇರೆ. ಎಲ್ಲ ಪದವೂ ಬಾಯಿಗೆ ಬರಬೇಕಿಲ್ಲ. ಐದರಲ್ಲಿ ಎರಡನ್ನು ಆರಿಸಿ, ಅವೆರಡನ್ನೂ ಆ ವಾರ ಮಾತಿನಲ್ಲೋ ಬರಹದಲ್ಲೋ ಮೂರು ಸಲ ಬಳಸಿ. ಹೋಮ್‌ಸ್ಟೇಯಲ್ಲಿ ಕೆಲಸ ಮಾಡುವವರು ಅತಿಥಿಗೆ ಕಾಫಿ ಹಣ್ಣು ಕುಯ್ದು, ಪಲ್ಪರ್‌ಗೆ (ಸಿಪ್ಪೆ ಬಿಡಿಸುವ ಯಂತ್ರ) ಹಾಕಿ, ಪಾರ್ಚ್‌ಮೆಂಟ್ (ಒಳಪೊರೆ ಇರುವ ಬೀಜ) ಒಣಗಿಸುವ ತನಕದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿ. ಅದನ್ನೇ ಪ್ರತಿ ವಾರ ಹೇಳಿ, ಪ್ರತಿ ಸಲ ಒಂದು ಹೊಸ ಪದ ಸೇರಿಸಿ. ಕೇಳುವವರು ಸಿಗದಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೀವೇ ಕೇಳಿಕೊಳ್ಳಿ.

ಸಣ್ಣ ಕ್ರಿಯಾಪದಗಳ ಜೋಡಿಗಳನ್ನೂ ಮರೆಯಬೇಡಿ. ಹೇಳಿಕೊಡು, ಹೇಳಿಬಿಡು, ಹೇಳಿಕೊಳ್ಳು ಇವು ಮೂರು ಬೇರೆ ಬೇರೆ ಅಲ್ವಾ? ಹಾಗೆಯೇ ‘ಪುಟ್ ಆಫ್’ ಅಂದರೆ ಮುಂದೂಡು, ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೋ. ಇವೂ ಮೇಲ್ಮಟ್ಟದ ಇಂಗ್ಲಿಷೇ.

ವರ್ಷದ ಲೆಕ್ಕ

ಕುಯ್ಲಿನ ತಿಂಗಳುಗಳಲ್ಲಿ, ನವೆಂಬರ್‌ನಿಂದ ಮಾರ್ಚ್ ತನಕ, ತೋಟದವರಿಗೆ ಬಿಡುವಿರುವುದಿಲ್ಲ. ಆಗ ಹೊಸ ಪದ ಸೇರಿಸಬೇಡಿ, ರಾತ್ರಿ ಹತ್ತು ನಿಮಿಷ ಹಳೆಯ ಕಟ್ಟುಗಳನ್ನು ನೋಡಿದರೆ ಸಾಕು. ಏಪ್ರಿಲ್‌ನಿಂದ ನಿಧಾನವಾಗಿ ಶುರು ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ನಿಮ್ಮ ಓದಿನ ಕಾಲ. ವಾರಕ್ಕೆ ಆರು ದಿನ, ದಿನಕ್ಕೆ ಐದು ಎಂದಿಟ್ಟರೆ ಆ ನಾಲ್ಕು ತಿಂಗಳಲ್ಲೇ 500ರ ಹತ್ತಿರ ಕಾರ್ಡ್‌ಗಳಾಗುತ್ತವೆ.

ಕೆಲವು ಕಾರ್ಡ್‌ಗಳು ಎಷ್ಟು ಮಾಡಿದರೂ ಮೊದಲ ಕಟ್ಟಿಗೇ ಮರಳುತ್ತವೆ. ಐದು ಸಲ ತಪ್ಪಿದ ಕಾರ್ಡ್ ಹರಿದುಹಾಕಿ, ಬೇರೆ ವಾಕ್ಯದೊಂದಿಗೆ ಹೊಸದು ಬರೆಯಿರಿ. ಹೆಚ್ಚಿನ ಸಲ ತಪ್ಪು ಆ ವಾಕ್ಯದ್ದೇ ಆಗಿರುತ್ತದೆ, ಎಲ್ಲಿಂದಲೋ ಎತ್ತಿಕೊಂಡದ್ದು ನಿಮ್ಮ ಕಣ್ಣಿಗೆ ಕಾಣುತ್ತಿರುವುದಿಲ್ಲ. ಹೊಸದೂ ಐದು ಸಲ ತಪ್ಪಿದರೆ ಆ ಪದವನ್ನು ಈ ವರ್ಷಕ್ಕೆ ಬಿಟ್ಟುಬಿಡಿ. ಬೇಕಾದ ಪದವಾದರೆ ಮುಂದಿನ ಮಳೆಗಾಲದೊಳಗೆ ಓದಿನಲ್ಲಿ ಮತ್ತೆ ಎದುರಾಗಿಯೇ ಆಗುತ್ತದೆ.